ಆರನೇ ವಾರದ ಸ್ಕ್ಯಾನು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯಲ್ಲಿ ಸರ್ಜರಿ ಕಲಿಯುತ್ತಿದ್ದಾಗ ಕಾಲಿನ ಬೈಪಾಸ್ ಎಂಬುದು ಪುಸ್ತಕದಲ್ಲಿ ನೋಡುವ ಚಿತ್ರವಾಗಿತ್ತು. ವಾರ್ಡಿನಲ್ಲಿ ಕಾಣುತ್ತಿದ್ದುದೇ ಬೇರೆ. ನಿಪ್ಪಾಣಿ, ಗದಗ, ಕೊಪ್ಪಳದ ಕಡೆಯಿಂದ ಬಂದ, ನಲವತ್ತು ದಾಟದ ಗಂಡಸರು. ಬೀಡಿ ಸೇದಿ ಸೇದಿ ಬಂದ, ಕೈಕಾಲಿನ ರಕ್ತನಾಳ ಮುಚ್ಚಿಸುವ ಬರ್ಗರ್ ಕಾಯಿಲೆ. ಹೆಬ್ಬೆರಳು ಕಪ್ಪಾಗಿರುತ್ತಿತ್ತು, ನೋವಿಗೆ ರಾತ್ರಿಯಿಡೀ ಕಾಲನ್ನು ಮಂಚದಿಂದ ಇಳಿಬಿಟ್ಟು ಕೂತಿರುತ್ತಿದ್ದರು. ನಾವು ಲಂಬಾರ್ ಸಿಂಪಥೆಕ್ಟಮಿ ಮಾಡುತ್ತಿದ್ದೆವು, ಅಂದರೆ ರಕ್ತನಾಳವನ್ನು ಬಿಗಿಮಾಡುವ ನರವನ್ನು ಸೊಂಟದ ಬಳಿ ಕತ್ತರಿಸುವುದು. ಚರ್ಮ ಸ್ವಲ್ಪ ಬೆಚ್ಚಗಾಗುತ್ತಿತ್ತು, ರೋಗಿಗೂ ನಮಗೂ ನಾಲ್ಕು ದಿನ ಸಮಾಧಾನ. ಆಮೇಲೆ ಬೆರಳು ಹೋಗುತ್ತಿತ್ತು, ಪಾದ ಹೋಗುತ್ತಿತ್ತು, ಕೊನೆಗೆ ಮೊಣಕಾಲಿನ ಕೆಳಗಿನದೆಲ್ಲ.

ಹಾಗೆಂದು ಬೈಪಾಸ್ ಹೊಸದೇನಲ್ಲ. ಪ್ಯಾರಿಸ್‌ನಲ್ಲಿ ಝಾನ್ ಕುನ್ಲಿನ್ 1948ರಲ್ಲೇ ರೋಗಿಯ ಸ್ವಂತ ಅಭಿಧಮನಿಯನ್ನು ಬಿಡಿಸಿ, ತಲೆಕೆಳಗು ಮಾಡಿ, ಮುಚ್ಚಿಹೋದ ಅಪಧಮನಿಯ ಮೇಲಿನಿಂದ ಕೆಳಕ್ಕೆ ಹೊಲಿದಿದ್ದರು. ತಲೆಕೆಳಗು ಮಾಡುವುದು ಯಾಕೆಂದರೆ ಅಭಿಧಮನಿಯೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ತಿರುಗಿಸದಿದ್ದರೆ ಪಾದಕ್ಕೆ ಹೋಗುವ ರಕ್ತಕ್ಕೆ ಅವೇ ಅಡ್ಡ. ಒಳತೊಡೆಯುದ್ದಕ್ಕೂ ಹರಿಯುವ ಆ ಉದ್ದನೆಯ ಅಭಿಧಮನಿ ಇಲ್ಲದಿದ್ದರೂ ಕಾಲಿಗೆ ನಷ್ಟವಿಲ್ಲ. ಕಡಿಮೆ ಒತ್ತಡಕ್ಕೆ ಹುಟ್ಟಿದ ಆ ತೆಳು ನಾಳ, ನಮ್ಮ ಮಾತಿನಲ್ಲಿ ಗ್ರಾಫ್ಟ್, ಅಪಧಮನಿಯ ಒತ್ತಡವನ್ನು ಎಷ್ಟು ಕಾಲ ತಡೆದೀತು ಎಂಬುದೇ ಆಮೇಲಿನ ಕಥೆಯೆಲ್ಲ.

ಆ ಕಥೆಯನ್ನು ನಾನು ಹತ್ತಿರದಿಂದ ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್ ಆಗಿದ್ದಾಗ. ಅಲ್ಲಿ ಬೈಪಾಸ್ ದಿನನಿತ್ಯದ ಕೆಲಸ. ನನಗೆ ಅದಕ್ಕಿಂತ ಸೋಜಿಗ ಎನಿಸಿದ್ದು ಆಪರೇಷನ್ ಆದ ಮೇಲಿನ ಏರ್ಪಾಡು. ವಾರಕ್ಕೊಂದು ದಿನ ಗ್ರಾಫ್ಟ್ ಕ್ಲಿನಿಕ್. ಆರನೇ ವಾರ, ಮೂರನೇ ತಿಂಗಳು, ಆರು, ಒಂಬತ್ತು, ಹನ್ನೆರಡು, ಹದಿನೆಂಟು: ಹೀಗೆ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಡ್ಯೂಪ್ಲೆಕ್ಸ್ ಸ್ಕ್ಯಾನ್, ಅಂದರೆ ನಾಳವನ್ನೂ ಅದರೊಳಗಿನ ರಕ್ತದ ವೇಗವನ್ನೂ ತೋರಿಸುವ ಅಲ್ಟ್ರಾಸೌಂಡ್. ಅರೆಬೆಳಕಿನ ಕೋಣೆಯಲ್ಲಿ ತಣ್ಣನೆಯ ಜೆಲ್ ಹಚ್ಚಿ, ತೊಡೆಸಂದಿಯಿಂದ ಹಿಮ್ಮಡಿಯವರೆಗೂ ಗ್ರಾಫ್ಟಿನ ಜಾಡು ಹಿಡಿದು ಹೋಗುತ್ತಿದ್ದರು. ಅದನ್ನು ಮಾಡುತ್ತಿದ್ದವರು ಡಾಕ್ಟರಲ್ಲ, ಅದನ್ನೇ ಕಲಿತ ಟೆಕ್ನಾಲಜಿಸ್ಟ್.

ಈ ಕಾವಲು ಯಾಕೆಂದು ತಿಳಿಯಬೇಕಾದರೆ ಗ್ರಾಫ್ಟು ಕೆಡುವ ಬಗೆ ತಿಳಿದಿರಬೇಕು. ಮೊದಲ ತಿಂಗಳೊಳಗೆ ಮುಚ್ಚಿದರೆ ಹೆಚ್ಚಾಗಿ ಹೊಲಿಗೆಯದೋ, ಆರಿಸಿದ ನಾಳದ್ದೋ ದೋಷ. ಎರಡು ವರ್ಷ ಕಳೆದ ಮೇಲಾದರೆ ಹಳೆಯ ಕೊಬ್ಬಿನ ಕಾಯಿಲೆಯೇ ಗ್ರಾಫ್ಟಿಗೂ ತಗುಲಿದೆ ಎಂದರ್ಥ. ನಡುವಿನ ಅವಧಿ, ಅದರಲ್ಲೂ ಮೊದಲ ವರ್ಷ, ಕಿರಿದಾಗುವ ಕಾಲ. ಹೊಸ ಒತ್ತಡಕ್ಕೆ ಗಾಯಗೊಂಡ ಒಳಪದರದಲ್ಲಿ ಸ್ನಾಯುಕೋಶಗಳು ಬೆಳೆದು ದಪ್ಪವಾಗುತ್ತವೆ: ಎರಡು ತುದಿಯ ಹೊಲಿಗೆಯ ಹತ್ತಿರ, ಕವಾಟವಿದ್ದ ಜಾಗದಲ್ಲಿ, ಅಭಿಧಮನಿಯನ್ನು ಬಿಡಿಸುವಾಗ ಚಿಮಟ ತಾಗಿದ ಕಡೆ. ನಾಲ್ಕರಲ್ಲಿ ಒಂದು ಗ್ರಾಫ್ಟಿಗಾದರೂ ಇಂಥದ್ದು ಬರುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಇಟ್ಟುಕೊಂಡ ಅಂದಾಜು. ಕಿರಿದಾದದ್ದು ರೋಗಿಗೆ ಗೊತ್ತಾಗುವುದಿಲ್ಲ. ಕಾಲು ಬೆಚ್ಚಗಿರುತ್ತದೆ, ನಾಡಿ ಕೈಗೆ ಸಿಗುತ್ತದೆ. ಒಂದು ದಿನ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿದಾಗಲೇ ತಿಳಿಯುವುದು, ಮುಚ್ಚಿದ ಗ್ರಾಫ್ಟನ್ನು ಮತ್ತೆ ಬದುಕಿಸುವುದು ಬಹಳ ಕಷ್ಟ. ಕಿರಿದಾಗಿದ್ದಾಗಲೇ ಸಿಕ್ಕರೆ ನಾಳವನ್ನು ಒಳಗಿನಿಂದ ಹಿಗ್ಗಿಸುವ ಒಂದು ಬಲೂನು ಅಥವಾ ಒಂದು ಸಣ್ಣ ತೇಪೆಯಲ್ಲಿ ಕೆಲಸ ಮುಗಿಯುತ್ತದೆ.

ಡೆಟ್ರಾಯಿಟ್‌ನ ಸರ್ಜನ್ ಸಿಲಾಗಿ 1973ರಲ್ಲಿ ಮತ್ತೆ ಮತ್ತೆ ಆಂಜಿಯೋಗ್ರಾಂ ತೆಗೆದು ಗ್ರಾಫ್ಟುಗಳು ಒಳಗೇ ಬದಲಾಗುವುದನ್ನು ತೋರಿಸಿದ್ದರು. ಆದರೆ ಸುಖವಾಗಿರುವವರಿಗೆ ಮೂರು ತಿಂಗಳಿಗೊಮ್ಮೆ ಸೂಜಿ ಚುಚ್ಚಿ ಆಂಜಿಯೋಗ್ರಾಂ ಮಾಡುವವರು ಯಾರು? ಸ್ಕ್ಯಾನು ಆ ತೊಡಕನ್ನು ಬಿಡಿಸಿತು. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುವ ಹಾಗೆ, ನಾಳ ಕಿರಿದಾದಲ್ಲಿ ರಕ್ತದ ವೇಗ ಏರುತ್ತದೆ. ಹಿಂದಿನ ಜಾಗಕ್ಕಿಂತ ವೇಗ ಎರಡು ಪಟ್ಟಾದರೆ ನಾಳ ಸುಮಾರು ಅರ್ಧ ಕಿರಿದಾಗಿದೆ. ಮೂರೂವರೆ ಪಟ್ಟು ದಾಟಿದರೆ, ಅಥವಾ ಸೆಕೆಂಡಿಗೆ 300 ಸೆಂಟಿಮೀಟರ್ ಮೀರಿದರೆ, ತಡ ಮಾಡುವಂತಿಲ್ಲ. ಇನ್ನೊಂದು ಸಂಖ್ಯೆ ಅಮೆರಿಕದ ಸರ್ಜನ್ ಡೆನ್ನಿಸ್ ಬ್ಯಾಂಡಿಕ್ ಅವರಿಂದ ಬಂದದ್ದು: ಇಡೀ ಗ್ರಾಫ್ಟಿನಲ್ಲೇ ವೇಗ 45 ಸೆಂಟಿಮೀಟರಿಗಿಂತ ಕೆಳಗೆ ಬಿದ್ದರೆ ಅದು ಮುಚ್ಚುವ ದಾರಿಯಲ್ಲಿದೆ. ನಮ್ಮ ಪೀಳಿಗೆಯ ಸರ್ಜನ್ನರಿಗೆ ಈ ಸಂಖ್ಯೆಗಳು ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ.

ಆ ಕೋಣೆಯಲ್ಲಿ ನಾನು ಕಲಿತ ಮುಖ್ಯ ಪಾಠ ಮಾತ್ರ ಸಂಖ್ಯೆಯದಲ್ಲ. ಹಿರಿಯ ಟೆಕ್ನಾಲಜಿಸ್ಟ್ ಒಬ್ಬರಿದ್ದರು. ಮೆಷಿನ್ ಆನ್ ಮಾಡುವ ಮುಂಚೆ ಆಪರೇಷನ್ ನೋಟ್ ತೆಗೆದು ಓದುತ್ತಿದ್ದರು. ಅಭಿಧಮನಿ ಎಷ್ಟು ಅಗಲ, ಒಂದೇ ತುಂಡೋ ಎರಡು ತುಂಡು ಸೇರಿಸಿದ್ದೋ, ತೋಳಿನಿಂದ ತೆಗೆದದ್ದೋ. ‘ಸಾಧಾರಣ’ ಎಂದು ಸರ್ಜನ್ ಗೀಚಿದ್ದರೆ ಆ ರೋಗಿಯ ಸ್ಕ್ಯಾನಿಗೆ ಎರಡು ಪಟ್ಟು ಸಮಯ. ಎಲ್ಲಿ ಕಿರಿದಾದೀತು ಎಂದು ಅವರು ಮೊದಲೇ ಹೇಳುತ್ತಿದ್ದರು, ಬಹಳ ಸಲ ಅಲ್ಲೇ ಇರುತ್ತಿತ್ತು. ಅವರ ಅಂದಾಜನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ ಎಂಬುದು ನನಗೆ ಈಗಲೂ ಹೊಟ್ಟೆಯುರಿಸುವ ವಿಷಯ.

ಅದೇ ಹೊತ್ತಿಗೆ ಬ್ರಿಟನ್‌ನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯುತ್ತಿತ್ತು. ತಿಂಗಳು ಕಳೆದರೂ ರಕ್ತ ಹರಿಯುತ್ತಿದ್ದ ಗ್ರಾಫ್ಟುಗಳ 594 ರೋಗಿಗಳು. ಅರ್ಧ ಜನಕ್ಕೆ ಸ್ಕ್ಯಾನಿನ ಕಾವಲು, ಉಳಿದವರಿಗೆ ಕೈಯಿಂದ ನೋಡುವುದು, ಕಾಲು ಮತ್ತು ತೋಳಿನ ಒತ್ತಡ ಹೋಲಿಸುವುದು, ಅಷ್ಟೇ. ಸ್ಕ್ಯಾನಿಲ್ಲದ ಗುಂಪಿಗೆ ಅನ್ಯಾಯವಾಗುತ್ತಿದೆ ಎಂದು ಗೊಣಗುತ್ತಿದ್ದ ಸರ್ಜನ್ನರು ಬಹಳ. 2005ರಲ್ಲಿ ಫಲಿತಾಂಶ ಬಂತು. ಒಂದೂವರೆ ವರ್ಷದಲ್ಲಿ ಕಾಲು ಕಳೆದುಕೊಂಡವರು ಎರಡೂ ಗುಂಪಿನಲ್ಲಿ ಶೇ. 7. ಸ್ಕ್ಯಾನಿನಿಂದ ಹೆಚ್ಚಾದದ್ದು ಖರ್ಚು. ಅನೇಕ ಕಡೆ ಗ್ರಾಫ್ಟ್ ಕ್ಲಿನಿಕ್‌ಗಳು ಒಂದೊಂದಾಗಿ ಸೊರಗಿದವು.

ನಾನು ಅಷ್ಟರಲ್ಲಿ ಹುಬ್ಬಳ್ಳಿಗೆ ವಾಪಸಾಗಿದ್ದೆ. ಆ ಪರೀಕ್ಷೆಯನ್ನು ನಾನು ತಳ್ಳಿಹಾಕುವವನಲ್ಲ. ಎಲ್ಲರನ್ನೂ ಒಂದೇ ಲೆಕ್ಕದಲ್ಲಿ ನೋಡುವುದರಿಂದ ಲಾಭವಿಲ್ಲ ಎಂದು ಅದು ತೋರಿಸಿತು. ಯಾರನ್ನೂ ನೋಡಬೇಡಿ ಎಂದು ಹೇಳಲಿಲ್ಲ. ಹಾಗೆ ಓದಿಕೊಂಡವರು ಇದ್ದಾರೆ. ಬ್ರಿಟನ್‌ನವರಿಗೆ ಯಾರ ಗ್ರಾಫ್ಟು ಕೆಟ್ಟೀತು ಎಂದು ಮುಂಚೆಯೇ ಊಹಿಸುವ ವಿದ್ಯೆ ಬೇಕಾದದ್ದು ಸ್ಕ್ಯಾನು ಉಳಿಸಲು. ನಮಗೆ ಬೇಕಾದದ್ದು ರಾಯಚೂರಿನ ಬಸ್ಸಿನಲ್ಲಿ ಬರುವವರಲ್ಲಿ ಯಾರ ಕಾಲು ಹಿಡಿದಾದರೂ ಮತ್ತೆ ಕರೆಸಬೇಕು ಎಂದು ತಿಳಿಯಲು. ಒಬ್ಬ ರೋಗಿ, ಜೊತೆಗೊಬ್ಬರು, ಇಬ್ಬರ ಕೂಲಿ, ಊಟ, ಬಸ್ ಚಾರ್ಜು. ಆರು ಸಲ ಯಾರೂ ಬರುವುದಿಲ್ಲ. ನಾವೇ ಅವರ ಕಡೆ ಹೋಗೋಣವೆಂದರೆ, ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯಿಂದಾಗಿ ಸ್ಕ್ಯಾನಿಂಗ್ ಮೆಷಿನ್ನನ್ನು ನೋಂದಣಿಯಾದ ಜಾಗದಿಂದ ಮನಬಂದಂತೆ ಒಯ್ಯುವಂತಿಲ್ಲ. ಕಾಯ್ದೆ ಬೇಕಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೂ ಕ್ಯಾಂಪಿಗೆ ರಕ್ತ ಹರಿಯುವ ಸದ್ದನ್ನಷ್ಟೇ ಕೇಳಿಸುವ ಜೇಬಿನ ಪೆನ್ ಡಾಪ್ಲರ್ ಒಂದೇ ಗತಿ.

ಹೀಗಾಗಿ ಓದಿದ್ದನ್ನೆಲ್ಲ ನಮ್ಮ ಅಗತ್ಯಕ್ಕೆ ಹಿಂಡಿಕೊಂಡೆವು. 2006ರಲ್ಲಿ ಅಮೆರಿಕದಿಂದ ಒಂದು ದೊಡ್ಡ ವರದಿ ಬಂತು: 1404 ರೋಗಿಗಳ ಅಭಿಧಮನಿಯನ್ನು ಹೊಲಿಯುವ ಮೊದಲು ಔಷಧಿಯಲ್ಲಿ ನೆನೆಸಿ, ಒಳಪದರ ಬೆಳೆಯದಂತೆ ತಡೆಯುವ ಯತ್ನ. ಔಷಧಿ ಸೋತಿತು. ಆದರೆ ಆ ರಾಶಿ ಲೆಕ್ಕದಿಂದ ಹೊರಬಿದ್ದದ್ದು ಇಂಗ್ಲೆಂಡಿನ ಆ ಟೆಕ್ನಾಲಜಿಸ್ಟ್ ಆಪರೇಷನ್ ನೋಟಿನಲ್ಲಿ ಹುಡುಕುತ್ತಿದ್ದುದೇ: ಮೂರು ಮಿಲಿಮೀಟರಿಗಿಂತ ಸಣ್ಣ ಅಭಿಧಮನಿ, ತುಂಡು ಜೋಡಿಸಿದ್ದು, ಉದ್ದ ಹೆಚ್ಚಾದದ್ದು ಬೇಗ ಕೆಡುತ್ತವೆ. ಆರನೇ ವಾರದ ಮೊದಲ ಸ್ಕ್ಯಾನು ಹೇಗಿದೆಯೋ ಮುಂದಿನದೂ ಬಹುಪಾಲು ಹಾಗೇ ಎಂಬ ಬರಹಗಳೂ ಬಂದವು. ಅದು ಶುದ್ಧವಾಗಿದ್ದರೆ ಕಾವಲು ಸಡಿಲಿಸಬಹುದು, ಸಣ್ಣ ದೋಷ ಕಂಡರೂ ಬಿಗಿ ಮಾಡಬೇಕು. ಅದರ ಮೇಲೆ ಬೀಡಿ. ಆಪರೇಷನ್ ಆದ ಮೇಲೂ ಸೇದುವವರ ಗ್ರಾಫ್ಟು ಕೆಡುವ ಸಂಭವ ಮೂರು ಪಟ್ಟು. ಆಗಲಾದರೂ ಬಿಟ್ಟರೆ ಲಾಭವುಂಟು.

ಉದ್ದನೆಯ ರಜಿಸ್ಟರ್ ಒಂದನ್ನು ತಂದೆವು. ಅಭಿಧಮನಿಯ ಅಗಲ, ತುಂಡುಗಳು, ಆರನೇ ವಾರದ ವೇಗ, ಬೀಡಿ, ಮಗನದೋ ಪಕ್ಕದ ಅಂಗಡಿಯದೋ ಫೋನ್ ನಂಬರು. ಅಪಾಯವಿದ್ದವರ ಹೆಸರಿಗೆ ಕೆಂಪು ಗೀಟು. ಮೊದಮೊದಲ ಕೆಂಪು ಗೀಟುಗಳಲ್ಲಿ ಇಳಕಲ್ಲಿನ ನೇಕಾರರೊಬ್ಬರದು ಸೇರಿತ್ತು. ಕುಳಿ ಮಗ್ಗದಲ್ಲಿ ಕೂತು ಕಾಲಿನಿಂದ ತುಳಿಯುವ ಕೆಲಸ, ಕಾಲು ಹೋದರೆ ಸೀರೆಯೂ ಹೋಯಿತು. ಅವರ ಅಭಿಧಮನಿ ತೆಳ್ಳಗಿತ್ತು, ತೋಳಿನ ತುಂಡು ಸೇರಿಸಿ ಉದ್ದ ಮಾಡಿದ್ದೆವು. ಫೋನ್ ಮಾಡಿ ಮಾಡಿ ಕರೆಸಿದಾಗ ಅವರಿಗೆ ಸಿಟ್ಟೇ ಬಂದಿತ್ತು. ‘ಕಾಲ ಬೆಚ್ಚಗೈತ್ರೀ ಸರ, ಗಾಯ ಮಾಯ್ದೈತಿ. ಮತ್ತ್ಯಾಕ ಬರೂದ್ರಿ?’ ನಾಡಿ ಸರಿಯಾಗಿಯೇ ಸಿಗುತ್ತಿತ್ತು. ತುಂಡು ಸೇರಿದ ಜಾಗದಲ್ಲಿ ವೇಗ 300 ದಾಟಿತ್ತು. ಮರುದಿನವೇ ಬಲೂನ್ ಹಾಕಿದೆವು. ಆ ಕಾಲು ಕೊನೆತನಕ ಉಳಿಯಿತು; ಕೆಲವು ವರ್ಷಗಳ ನಂತರ ಅವರನ್ನು ಒಯ್ದದ್ದು ಹೃದಯಾಘಾತ. ಈ ಕಾಯಿಲೆಯವರಿಗೆ ಬಹಳ ಸಲ ಆಗುವುದೇ ಹಾಗೆ.

ಈಗ ಬೈಪಾಸೇ ಕಡಿಮೆ. ಹುಡುಗರು ಮೊದಲು ಕೈಗೆತ್ತಿಕೊಳ್ಳುವುದು ಬಲೂನು. 2022ರಲ್ಲಿ ಪ್ರಕಟವಾದ 1830 ರೋಗಿಗಳ ಅಮೆರಿಕ ಮೂಲದ ಪರೀಕ್ಷೆ, ಒಳತೊಡೆಯ ಒಳ್ಳೆಯ ಅಭಿಧಮನಿ ಇದ್ದರೆ ಬೈಪಾಸೇ ಮೇಲು ಎಂದಿತು; ಮರುವರ್ಷ ಬ್ರಿಟನ್‌ನ 345 ರೋಗಿಗಳ ಪರೀಕ್ಷೆ ತದ್ವಿರುದ್ಧ ಹೇಳಿತು. ಎರಡನ್ನೂ ಇಟ್ಟುಕೊಂಡು ಶನಿವಾರದ ಮೀಟಿಂಗಿನಲ್ಲಿ ಜಗಳವಾಡುತ್ತೇವೆ. ನಮ್ಮಲ್ಲಿ ಬೈಪಾಸಿಗೆ ಬರುವುದು ಈಗ ಬಲೂನು ಸೋತ ಕಾಲುಗಳು, ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಹೊಲಿಯಬೇಕಾದದ್ದು ಪಾದದ ಹತ್ತಿರದ ಸಣ್ಣ ನಾಳಕ್ಕೆ. ಕೆಂಪು ಗೀಟಿಲ್ಲದ ಹೆಸರು ಅಪರೂಪ.

ರಜಿಸ್ಟರ್ ಕಂಪ್ಯೂಟರಿಗೆ ಹೋಗಿದೆ, ಗೀಟಿನ ಬದಲು ಕೆಂಪು ಬಣ್ಣದ ಸಾಲು ಬಂದಿದೆ. ಹೋದ ವರ್ಷ ಸೇರಿದ ಹುಡುಗಿಯೊಬ್ಬಳು ಪಟ್ಟಿ ನೋಡಿ, ಆರನೇ ವಾರಕ್ಕೂ ಬಾರದವರು ಇಷ್ಟು ಜನ ಇರುವಾಗ ಮೊದಲ ಸ್ಕ್ಯಾನನ್ನು ಡಿಸ್ಚಾರ್ಜಿಗೆ ಮುಂಚೆಯೇ ಯಾಕೆ ಮಾಡಬಾರದು ಸರ್ ಎಂದಳು. ಆಗ ಊತ ಇರುತ್ತದೆ, ಹೊಲಿಗೆ ಹಸಿ ಇರುತ್ತದೆ, ವೇಗದ ಲೆಕ್ಕ ಪೂರ್ತಿ ನಂಬುವಂತಿರುವುದಿಲ್ಲ ಎಂದೆ. ‘ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ ಸರ್’ ಎಂದಳು. ಈಗ ಎರಡು ಅಂಕಣ ಮಾಡಿದ್ದೇವೆ, ಡಿಸ್ಚಾರ್ಜಿನ ದಿನದ್ದೊಂದು, ಆರನೇ ವಾರದ್ದೊಂದು. ಎರಡನೆಯದರಲ್ಲಿ ಇನ್ನೂ ಬಹಳ ಮನೆಗಳು ಖಾಲಿ.