ಪಂಪ್ ಸ್ಟೌವಿನ ಪಿನ್ನೂ ಯೆಜ್ಡಿಯ ಜೆಟ್ಟೂ

ಮೋಟಾರ್‌ಸೈಕಲ್ ಎಂಜಿನ್ನಿಗೂ ಹೆಂಗಸರ ಪತ್ರಿಕೆಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಮಿಕ್ಸಿ ನಿಂತರೆ, ಕುಕ್ಕರ್ ಕೂಗದಿದ್ದರೆ ಮೊದಲು ಕೈ ಹಾಕುವವರು ನಾವೇ ತಾನೆ? ಒಗ್ಗರಣೆ ಸೀಯುವ ಮೊದಲೇ ವಾಸನೆ ಹಿಡಿಯುವ ಮೂಗಿಗೆ ಎಂಜಿನ್ನಿನ ಹೊಗೆ ಯಾವ ಮಹಾ!

ನಮ್ಮ ಮನೆಯಲ್ಲಿರುವುದು 1984ರ ಯೆಜ್ಡಿ 250. ಮಾವನವರು ಕೊಂಡದ್ದು, ಅವರ ನಂತರ ನಮ್ಮ ಯಜಮಾನರ ಕೈಗೆ ಬಂತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲೇ ಗಾಡಿ ಮಾಡುತ್ತಿದ್ದರು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಚೆಗೆ ಅದೇ ಹೆಸರುಗಳಲ್ಲಿ ಬಂದಿರುವ ಗಾಡಿಗಳು ಬೇರೆ ಜಾತಿಯವು. ನಮ್ಮದು ಎರಡು ಸ್ಟ್ರೋಕಿನದು: ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಸರಳೇ ಮಡಚಿದರೆ ಗೇರು. ಅದರ 'ಡುಗ್ ಡುಗ್' ಕೇಳಿದರೆ ಇಡೀ ಬ್ಯಾಡರಹಳ್ಳಿಗೆ ನಮ್ಮವರು ಬಂದದ್ದು ಗೊತ್ತಾಗುತ್ತಿತ್ತು.

2022ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ದೇವರ ದಯೆ, ಮಾತು ಉಳಿಯಿತು. ಕಾಲೂ ನಿಧಾನಕ್ಕೆ ಬಂತು. ಆದರೆ ಬಲಗೈ ಬೆರಳುಗಳಿಗೆ ಒಂದು ಸ್ಕ್ರೂ ಹಿಡಿಯುವ ಶಕ್ತಿ ಬರಲಿಲ್ಲ. ಗಾಡಿ ಗೋಣಿತಾಟು ಹೊದ್ದು ಎಂಟು ತಿಂಗಳು ನಿಂತಿತು. ಕೊಳ್ಳುವವರು ಬಂದರು. ಫಿಸಿಯೋಥೆರಪಿಗೆ ದುಡ್ಡು ಬೇಕಾಗಿತ್ತು ನೋಡಿ, ಇವರು ಗೋಡೆ ಕಡೆ ತಿರುಗಿ, "ಕೊಟ್ಬಿಡು" ಅಂದರು. ಬಂದವರು ಕೇಳಿದ್ದು ಗುಜರಿ ಬೆಲೆ, ಕಾರಣ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಓಡುವ ಗಾಡಿಗಾದರೆ ಅದರ ಎರಡರಷ್ಟು ಕೊಡುತ್ತೇವೆ ಎಂದರು. ಹಾಗಾಗಿ ನಾನು ಸ್ಪ್ಯಾನರ್ ಹಿಡಿದದ್ದು ಪ್ರೀತಿಯಿಂದಲ್ಲ, ಲೆಕ್ಕಾಚಾರದಿಂದ.

"ರೀ, ನೀವು ಕುರ್ಚೀಲಿ ಕೂತು ಹೇಳಿ, ನಾನು ಮಾಡ್ತೀನಿ" ಅಂದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಕಾಫಿ ಕುಡಿಯುತ್ತಾ, "ಮೊದ್ಲು ಹಳೇ ಪೆಟ್ರೋಲ್ ಚೆಲ್ಲೇ" ಅಂದರು.

ಎಂಜಿನ್ನಿಗೆ ಬೇಕಾದ್ದು ಪೆಟ್ರೋಲು, ಗಾಳಿ, ಕಿಡಿ. ಮೂರೂ ಹದವಾಗಿ, ಸಮಯಕ್ಕೆ ಸರಿಯಾಗಿ. ಇದರಲ್ಲಿ ಯಾವುದು ಇಲ್ಲವೆಂದು ಒಂದೊಂದಾಗಿ ಕೇಳುತ್ತಾ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಕೆಟ್ಟದ್ದು ಯಾವುದು, ನಾವು ಕೆಡಿಸಿದ್ದು ಯಾವುದು ಎಂದೇ ತಿಳಿಯುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನಿಂತ ಗಾಡಿಯ ಕಾರ್ಬುರೇಟರ್ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರಿನ ಗುಳ್ಳೆ, ಬೆಲ್ಲದ ಪಾಕದಂಥ ಅಂಟು. ನನ್ನ ಅಮ್ಮನ ಪಂಪ್ ಸ್ಟೌ ನೆನಪಾಯಿತು. ನಿಪ್ಪಲ್ ಕಟ್ಟಿದರೆ ಪಿನ್ ಹಾಕಿ ಚುಚ್ಚುತ್ತಿದ್ದರಲ್ಲ? ಕಾರ್ಬುರೇಟರಿನ ಜೆಟ್ಟೂ ಅಂಥದ್ದೇ ಹಿತ್ತಾಳೆ ತೂತು. ಆದರೆ ಇಲ್ಲಿ ಪಿನ್ ಕೂಡದು! ಕೂದಲೆಳೆಯಷ್ಟು ತೂತು ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಬೇಕು. ದುಂಡಗೆ ಚುಕ್ಕೆ ಕಂಡರೆ ಸರಿ. ಈ ಕೆಲಸ ಅಂಗಳದಲ್ಲಿ ಮಾಡಿ, ಅಡಿಗೆಮನೆ ಪಕ್ಕದಲ್ಲಿ ಖಂಡಿತ ಬೇಡ.

ಆಮೇಲೆ ಕಿಡಿ. ಪ್ಲಗ್ ಬಿಚ್ಚಿ, ಕ್ಯಾಪ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ಗಿನ ತೂತಿನಿಂದ ದೂರವೇ ಇಡಿ, ಅಲ್ಲಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದೆ. ಕಿಕ್ ಮಗನ ಪಾಲಿನ ಕೆಲಸ. ನೀಲಿ ಕಿಡಿ ಚಟ್ಟನೆ ಹಾರಿದರೆ ಒಳ್ಳೆಯದು. ನಮ್ಮದು ಹಳದಿಯಾಗಿ ಸೋತಂತೆ ಬಂತು. ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟು. ಅದರ ಎರಡು ತುಟಿಗಳೂ ಕಪ್ಪಾಗಿದ್ದವು. ನಯವಾದ ಎಮೆರಿ ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಎಂಜಿನ್ ತಿರುಗಿಸಿ ಪಾಯಿಂಟು ಪೂರ್ತಿ ತೆರೆದಾಗ ನಡುವೆ 0.4 ಮಿಲಿಮೀಟರ್ ಫೀಲರ್ ಗೇಜ್ ಹಾಕಿದೆ. ಬಿಗಿಯಾಗಿ ಅಲ್ಲ, ಸೂಜಿ ಮೆತ್ತನೆ ಬಟ್ಟೆಯಲ್ಲಿ ಜಾರಿದ ಹಾಗೆ ಜಾರಬೇಕು. ಬ್ಲೌಸ್ ಹೊಲಿಯುವ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಬಿಡಿ.

ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಎಣ್ಣೆ ಬೆರೆಸಿ ಹಾಕಿದೆವು. ಹನ್ನೊಂದನೇ ಕಿಕ್ಕಿಗೆ ಗಾಡಿ ಎದ್ದಿತು. ಬೀದಿಯೆಲ್ಲಾ ಹೊಗೆ! ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಗಾಳಿ ಸ್ಕ್ರೂ ಪೂರ್ತಿ ಒಳಗೆ ತಿರುಗ್ಸು, ಮೆಲ್ಲಗೆ. ಈಗ ಒಂದೂವರೆ ಸುತ್ತು ಆಚೆ. ಇನ್ನೊಂದ್ಚೂರು. ನಿಲ್ಸು, ನಿಲ್ಸು!" ಎಂಜಿನ್ ಕಾದ ಮೇಲೆ ಶಬ್ದ ಅತಿ ಚುರುಕಾಗುವ ಜಾಗವನ್ನು ಹುಡುಕಿ, ಆಮೇಲೆ ಐಡಲ್ ಸ್ಕ್ರೂ ಇಳಿಸಿ ನಿಧಾನಕ್ಕೆ ತರಬೇಕು. ನನ್ನ ಕಿವಿಗೆ ಎಲ್ಲ ಒಂದೇ ಗದ್ದಲ. ಅವರಿಗೆ ಕಾಲು ಸುತ್ತಿನ ವ್ಯತ್ಯಾಸವೂ ಕೇಳಿಸುತ್ತಿತ್ತು. ಗೋಡೆ ಕಡೆ ತಿರುಗಿ ಮಲಗಿದ್ದ ಮನುಷ್ಯ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಗ ಅವರನ್ನು ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹೊರಟರೆ ತಾವರೆಕೆರೆ ಮುಟ್ಟುವ ಮೊದಲೇ ನಿಂತುಹೋಯಿತು. ಕಾಲು ಗಂಟೆ ಬಿಟ್ಟು ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟು! ಮರುದಿನವೂ ಅದೇ ಆಟ. ಇಂಥ ಕಾಯಿಲೆಗೆ ಎರಡು ಕಾರಣ ಇರಬಹುದು. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ನಿಂತ ಕೂಡಲೇ ಮುಚ್ಚಳ ತೆರೆದು ಸ್ವಲ್ಪ ಬಿಟ್ಟು ಕಿಕ್ ಹೊಡೆದರೆ ಎದ್ದುಬಿಡುತ್ತದೆ. ನಮ್ಮದು ಏಳಲಿಲ್ಲ. ಬಿಸಿಯಿದ್ದಾಗಲೇ ಪ್ಲಗ್ ತೆಗೆದು ನೋಡಿದರೆ ಕಿಡಿ ಬಡಕಲು. ಹಾಗಾದರೆ ಕಂಡೆನ್ಸರ್ ಅಥವಾ ಕಾಯಿಲ್. ಬಿಸಿಗೆ ಸೋತು, ತಣ್ಣಗಾದರೆ ಸರಿಹೋಗುವ ಕಂಡೆನ್ಸರುಗಳು ಹಳೇ ಗಾಡಿಗಳಲ್ಲಿ ಬಹಳ. ಅಗ್ಗದ್ದನ್ನೇ ಮೊದಲು ಬದಲಿಸೋಣ ಎಂದು ಮಗ ಜೆ.ಸಿ. ರಸ್ತೆಗೆ ಹೋಗಿ ತಂದ. ಎರಡು ಸ್ಕ್ರೂ, ಒಂದು ತಂತಿ. ಮತ್ತೆ ನಿಲ್ಲಲಿಲ್ಲ.

ಪ್ಲಗ್ಗಿನ ಬಣ್ಣ ನೋಡುವುದನ್ನು ಮಾತ್ರ ನೀವೂ ಕಲಿಯಿರಿ. ದೂರ ಓಡಿಸಿ ಬಂದ ಮೇಲೆ ತೆಗೆದರೆ ಹಾಲು ಬೆರೆಸಿದ ಕಾಫಿ ಬಣ್ಣವಿರಬೇಕು. ಮಸಿಯಂತೆ ಕಪ್ಪಾಗಿ ಎಣ್ಣೆ ಜಿಡ್ಡಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಸುಣ್ಣದಂತೆ ಬಿಳುಚಿಕೊಂಡಿದ್ದರೆ ಗಾಳಿ ಹೆಚ್ಚು. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವ ಭಯ.

ಕೊಳ್ಳುವವರು ಮತ್ತೆ ಬಂದರು. ಹೇಳಿದಂತೆ ಎರಡರಷ್ಟು ಹಣ ತಂದಿದ್ದರು. ಇವರು ನನ್ನ ಮುಖ ನೋಡಿದರು, ಬಾಯಿ ಬಿಡಲಿಲ್ಲ. ನಾನು ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟು, "ಇನ್ನೂ ಸ್ವಲ್ಪ ಕೆಲಸ ಇದೆ, ಆಮೇಲೆ ನೋಡೋಣ" ಎಂದು ಕಳಿಸಿದೆ. ಫಿಸಿಯೋಥೆರಪಿಗೆ ನನ್ನ ಚೀಟಿ ದುಡ್ಡು ಹೋಯಿತು. ಅದು ಬುದ್ಧಿವಂತಿಕೆಯೋ ಅಲ್ಲವೋ, ನಮ್ಮ ನಾದಿನಿ ಇನ್ನೂ ವಾದ ಮಾಡುತ್ತಾಳೆ.

ಕೆಲಸ ಇರುವುದಂತೂ ಸುಳ್ಳಲ್ಲ. ಈಚೆಗೆ ಬಿಳಿ ಹೊಗೆ ಹೆಚ್ಚಾಗಿದೆ, ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾಗುತ್ತಿದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸವೆದು ಎಂಜಿನ್ ಆ ಎಣ್ಣೆಯನ್ನು ಎಳೆದುಕೊಳ್ಳುತ್ತಿದೆ ಎಂದು ಇವರ ತೀರ್ಮಾನ. ಕ್ಲಚ್ ಬಿಚ್ಚಬೇಕಂತೆ. ಎಡಗೈಯಲ್ಲಿ ಚಿತ್ರ ಬರೆದುಕೊಟ್ಟಿದ್ದಾರೆ, ಕೋಳಿ ಕೆದರಿದ ಹಾಗಿದೆ, ಆದರೂ ಅರ್ಥವಾಗುತ್ತದೆ. ಭಾನುವಾರ ತಿಂಡಿ ಮುಗಿಸಿ ಶುರು ಮಾಡುತ್ತೇವೆ.