ಬಸ್ತಿಹಳ್ಳಿಯ ಮಳೆಗಾಲ: ಋತುಚರ್ಯೆ, ಆರೋಗ್ಯ ಮತ್ತು ಅಹಿಂಸೆ

ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಬಸ್ತಿಹಳ್ಳಿಯವರೆಗೆ ಬರುವವರು ಕಡಿಮೆ. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಎಂಬ ಮೂರು ಬಸದಿಗಳು ಇಲ್ಲಿವೆ. ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ವಿಷ್ಣುವರ್ಧನನಿಗೆ ಯುದ್ಧದ ಜಯವೂ ಪುತ್ರಜನನದ ಸಂತೋಷವೂ ಒಟ್ಟಿಗೆ ಒದಗಿದ ಸಂದರ್ಭದಲ್ಲಿ ಈ ಬಸದಿಯ ಪ್ರಸಾದವು ಅವನಿಗೆ ತಲುಪಿತೆಂದೂ, ಆ ಕಾರಣದಿಂದ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರಾಯಿತೆಂದೂ ಶಾಸನವು ತಿಳಿಸುತ್ತದೆ. ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ಕಲಾವಿಮರ್ಶಕರು ಸಾಕಷ್ಟು ವರ್ಣಿಸಿದ್ದಾರೆ. ಆದರೆ ಈ ಆವರಣವು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಇಲ್ಲಿ ಶ್ರುತಾಭ್ಯಾಸ ಮಾಡಿದ ಮುನಿಗಳು, ಅವರಿಗೆ ಆಹಾರದಾನ ಮಾಡಿದ ಶ್ರಾವಕರು ತಮ್ಮ ದೇಹವನ್ನೂ ಋತುಗಳನ್ನೂ ಹೇಗೆ ಕಂಡರು? ಆರೋಗ್ಯವೆಂದರೆ ಅವರಿಗೆ ಏನಾಗಿತ್ತು?

ಈ ಪ್ರಶ್ನೆಗೆ ಉತ್ತರವನ್ನು ಮಳೆಗಾಲದಿಂದ ಆರಂಭಿಸುವುದು ಸೂಕ್ತ. ದಿಗಂಬರ ಮುನಿಗಳು ಆಷಾಢದಿಂದ ಕಾರ್ತೀಕದವರೆಗೆ ವಿಹಾರವನ್ನು ನಿಲ್ಲಿಸಿ ಒಂದೇ ಸ್ಥಳದಲ್ಲಿ ನೆಲೆಸುತ್ತಾರೆ. ಇದೇ ಚಾತುರ್ಮಾಸ ಅಥವಾ ವರ್ಷಾಯೋಗ. ಮಳೆ ಬಿದ್ದ ನೆಲದಲ್ಲಿ ಹಸಿರು ಚಿಗುರುತ್ತದೆ, ಕಣ್ಣಿಗೆ ಕಾಣುವ ಮತ್ತು ಕಾಣದ ಜೀವಿಗಳು ಹುಟ್ಟುತ್ತವೆ. ನಡೆದರೆ ಅವು ಸಾಯುತ್ತವೆ, ಆದ್ದರಿಂದ ನಡೆಯಬಾರದು. ಈ ತರ್ಕವು ಶ್ರಾವಕರ ಅಡುಗೆಮನೆಯನ್ನೂ ಪ್ರವೇಶಿಸುತ್ತದೆ. ಜೈನ ಮನೆಗಳಲ್ಲಿ ಈ ತಿಂಗಳುಗಳಲ್ಲಿ ಸೊಪ್ಪನ್ನು ಬಿಡುವ ರೂಢಿಯಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ವರ್ಷವಿಡೀ ಇರುವ ನಿಯಮಗಳಾದರೂ ಮಳೆಗಾಲದಲ್ಲಿ ಅವುಗಳ ಪಾಲನೆ ಬಿಗಿಯಾಗುತ್ತದೆ. ಇವನ್ನು ಪಾಲಿಸುವ ಮನೆಯ ಹಿರಿಯ ಹೆಂಗಸನ್ನು ಕಾರಣ ಕೇಳಿದರೆ ಆಕೆ ತನ್ನ ಹೊಟ್ಟೆಯ ಕ್ಷೇಮವನ್ನು ಹೇಳುವುದಿಲ್ಲ. ಸೊಪ್ಪಿನಲ್ಲಿರುವ ಜೀವಗಳನ್ನು ಹೇಳುತ್ತಾಳೆ.

ಆಯುರ್ವೇದವು ಇದೇ ಋತುವನ್ನು ಬೇರೊಂದು ದಿಕ್ಕಿನಿಂದ ನೋಡುತ್ತದೆ. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ವಾತ ಪ್ರಕೋಪಗೊಳ್ಳುತ್ತದೆ. ಆದಕಾರಣ ಹಳೆಯ ಧಾನ್ಯವನ್ನು ಉಣ್ಣಬೇಕು, ಕಾಯಿಸಿದ ನೀರನ್ನು ಕುಡಿಯಬೇಕು ಎಂಬುದು ವಾಗ್ಭಟನ ಅಷ್ಟಾಂಗಹೃದಯದ ಸಲಹೆ. ಒಂದು ಋತುವಿನ ಕೊನೆಯ ಏಳು ದಿನ ಮತ್ತು ಮುಂದಿನದರ ಮೊದಲ ಏಳು ದಿನಗಳನ್ನು ಋತುಸಂಧಿಯೆಂದು ಕರೆದು, ಆ ಅವಧಿಯಲ್ಲಿ ಹಳೆಯ ಕ್ರಮವನ್ನು ನಿಧಾನವಾಗಿ ಬಿಟ್ಟು ಹೊಸದನ್ನು ನಿಧಾನವಾಗಿ ಹಿಡಿಯಬೇಕೆಂದು ಅದು ಹೇಳುತ್ತದೆ. ಜೈನರ ನಂದೀಶ್ವರ ಅಷ್ಟಾಹ್ನಿಕ ಪರ್ವವು ಕಾರ್ತೀಕ, ಫಾಲ್ಗುಣ, ಆಷಾಢಗಳ ಶುಕ್ಲಪಕ್ಷದ ಕೊನೆಯ ಎಂಟು ದಿನಗಳಲ್ಲಿ, ಅಂದರೆ ಚಳಿ, ಬೇಸಿಗೆ, ಮಳೆಗಾಲಗಳ ಹೊಸ್ತಿಲಲ್ಲಿ ಬರುವುದನ್ನು ಇದರೊಡನೆ ಇಟ್ಟು ನೋಡಬಹುದು. ಪರ್ವದ ಉದ್ದೇಶ ಪೂಜೆ. ಆದರೂ ಉಪವಾಸ, ಏಕಭುಕ್ತಗಳನ್ನು ಕೈಗೊಂಡವರ ದೇಹವು ವರ್ಷಕ್ಕೆ ಮೂರು ಬಾರಿ ಋತುವಿನ ಬದಲಾವಣೆಯನ್ನು ಹಗುರವಾಗಿ ಎದುರುಗೊಳ್ಳುತ್ತದೆ.

ಋತುವಿಗೆ ಹೊಂದಿ ಬಾಳುವ ವಿಚಾರವು ಭಾರತಕ್ಕಷ್ಟೇ ಸೀಮಿತವಲ್ಲ. ಚೀನೀ ವೈದ್ಯದ ಆಕರಗ್ರಂಥವಾದ ಹುವಾಂಗ್‌ಡಿ ನೇಯ್‌ಜಿಂಗ್‌ನ ಮೊದಲ ಭಾಗದ ಎರಡನೆಯ ಅಧ್ಯಾಯವು ನಾಲ್ಕು ಋತುಗಳ ದಿನಚರಿಯನ್ನು ವಿಧಿಸುತ್ತದೆ. ಚಳಿಗಾಲದಲ್ಲಿ ಬೇಗ ಮಲಗಿ ಬಿಸಿಲು ಬಂದ ಮೇಲೆ ಏಳಬೇಕೆಂಬಂತಹ ದೇಹದ ನಿಯಮಗಳ ಜೊತೆಗೆ ಮನಸ್ಸಿನ ನಿಯಮಗಳೂ ಅಲ್ಲಿವೆ. ವಸಂತವು ಹುಟ್ಟಿನ ಕಾಲವಾದ್ದರಿಂದ ಆಗ ಕೊಲ್ಲದೆ ಬಾಳಗೊಡಬೇಕು, ಕಸಿಯದೆ ಕೊಡಬೇಕು ಎಂಬುದು ಅದರ ತಾತ್ಪರ್ಯ. ರೋಗ ಬಂದ ಮೇಲೆ ಮದ್ದು ಹುಡುಕುವುದನ್ನು ಬಾಯಾರಿದ ಮೇಲೆ ಬಾವಿ ತೋಡುವುದಕ್ಕೆ ಅದು ಹೋಲಿಸುತ್ತದೆ. ಚಾತುರ್ಮಾಸವನ್ನು ಬಲ್ಲ ಓದುಗನಿಗೆ ಈ ಮಾತುಗಳು ಅಪರಿಚಿತವೆನಿಸುವುದಿಲ್ಲ. ಆದರೆ ಅಲ್ಲಿ ಕೊಲ್ಲದಿರುವುದು ಋತುವಿನ ಗತಿಗೆ ಹೊಂದಿಕೊಳ್ಳುವ ಬಗೆ. ಜೈನರಲ್ಲಿ ಋತುವಿನ ಗತಿಯನ್ನು ಗಮನಿಸುವುದೇ ಕೊಲ್ಲದಿರುವುದಕ್ಕಾಗಿ. ಸಾಮ್ಯವು ಎಷ್ಟು ಹತ್ತಿರದ್ದೋ ಭೇದವೂ ಅಷ್ಟೇ ಆಳವಾದುದು.

ಈ ಭೇದವು ಜೈನ ವೈದ್ಯರ ಮುಂದೆ ಕಠಿಣವಾದ ಸಮಸ್ಯೆಯನ್ನು ಇಟ್ಟಿತು. ವಾಗ್ಭಟನ ಮಳೆಗಾಲದ ಪಥ್ಯದಲ್ಲಿ ಮಾಂಸವೂ ಇದೆ, ಹಳೆಯ ಮದ್ಯವೂ ಇದೆ. ತನ್ನ ಆರೋಗ್ಯಕ್ಕಾಗಿ ಇನ್ನೊಂದು ಜೀವವನ್ನು ತೆಗೆಯಬಹುದೇ? ಉಗ್ರಾದಿತ್ಯಾಚಾರ್ಯನು ಇದನ್ನು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿಯೇ ಚರ್ಚೆಗೆ ತಂದನು. ಅವನ ಸಂಸ್ಕೃತ ಕಲ್ಯಾಣಕಾರಕದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ಔಷಧವಾಗಿ ಮಾಂಸ ಅನಗತ್ಯವೆಂದು ವಾದಿಸುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳನ್ನು ಹೊರಗಿಟ್ಟ ಚಿಕಿತ್ಸೆಯನ್ನೇ ನಿರೂಪಿಸಿದನು. ಅದೇ ಶತಮಾನದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ಮನುಷ್ಯನಿಗಾಗಿ ಪ್ರಾಣಿಯನ್ನು ಕೊಲ್ಲದ ವೈದ್ಯವು ಪ್ರಾಣಿಯ ರೋಗವನ್ನೂ ತನ್ನ ಹೊಣೆಯೆಂದು ತಿಳಿದುದು ಸಹಜವಾದ ಮುಂದುವರಿಕೆಯಾಗಿ ತೋರುತ್ತದೆ. ಕನ್ನಡ ಶಾಸ್ತ್ರಸಾಹಿತ್ಯವನ್ನು ಕಾವ್ಯದ ಪಕ್ಕದ ಒಣ ಬರಹವೆಂದು ಬದಿಗಿಡುವ ವಿದ್ಯಾರ್ಥಿಗಳು ಈ ನೈತಿಕ ಹೋರಾಟವನ್ನು ಅದರೊಳಗೆ ಕಾಣದೆ ಹೋಗುತ್ತಾರೆ.

ಹಾಗಾದರೆ ದೇಹವನ್ನು ಕಾಪಾಡುವುದು ಏತಕ್ಕೆ? ಮುನಿಗಳ ಆಚಾರಗ್ರಂಥವಾದ ಮೂಲಾಚಾರವು ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಬಲಕ್ಕಾಗಿ, ಆಯುಸ್ಸಿಗಾಗಿ, ದೇಹದ ಪುಷ್ಟಿಗಾಗಿ ಅಥವಾ ಕಾಂತಿಗಾಗಿ ಮುನಿಯು ಉಣ್ಣಬಾರದು. ಜ್ಞಾನ, ಸಂಯಮ, ಧ್ಯಾನಗಳಿಗಾಗಿ ಉಣ್ಣಬೇಕು. ಇದನ್ನು ದೇಹದ್ವೇಷವೆಂದು ತಿಳಿಯುವುದು ತಪ್ಪು. ಹಸಿವಿನ ವೇದನೆಯನ್ನು ಶಮನಗೊಳಿಸುವುದು, ಪ್ರಾಣವನ್ನು ಉಳಿಸಿಕೊಳ್ಳುವುದು, ಇತರರ ಸೇವೆ ಮಾಡುವುದು ಇವೂ ಉಣ್ಣಲು ಯೋಗ್ಯವಾದ ಕಾರಣಗಳೆಂದು ಅದೇ ಗ್ರಂಥ ಒಪ್ಪುತ್ತದೆ.

ಜೈನ ಕಥಾಪರಂಪರೆಯು ಈ ವಿಚಾರದ ಎರಡು ತುದಿಗಳನ್ನೂ ಹಿಡಿದಿದೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯು ಮುನಿಯಾದ ಮೇಲೆ ರೋಗಗಳಿಗೆ ತುತ್ತಾಗುತ್ತಾನೆ. ದೇವನೊಬ್ಬನು ವೈದ್ಯನ ವೇಷದಲ್ಲಿ ಬಂದು ಮದ್ದು ಕೊಡುವೆನೆಂದಾಗ, ಹುಟ್ಟುಸಾವುಗಳ ವ್ಯಾಧಿಗೆ ಮದ್ದಿದೆಯೇ ಎಂದು ಅವನು ಕೇಳುತ್ತಾನೆ. ಇನ್ನೊಂದು ತುದಿಯಲ್ಲಿ ಸಮಂತಭದ್ರರಿದ್ದಾರೆ. ಭಸ್ಮಕವ್ಯಾಧಿಯಿಂದ ತಿಂದುದೆಲ್ಲ ಬೂದಿಯಾಗತೊಡಗಿದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುವು ಅದನ್ನು ನಿರಾಕರಿಸಿ, ಮುನಿವೇಷವನ್ನು ಬಿಟ್ಟಾದರೂ ಮೊದಲು ರೋಗವನ್ನು ಗುಣಪಡಿಸಿಕೊಳ್ಳಬೇಕೆಂದು ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಗುಣವಾಗುವ ರೋಗಕ್ಕೆ ದೇಹವನ್ನು ಬಿಡಬಾರದು. ಮಧುಮೇಹಕ್ಕೆ ಮದ್ದು ಸೇವಿಸುತ್ತಿರುವ ಹಿರಿಯರು ಪರ್ವದ ದಿನ ಹಟದಿಂದ ನಿರಾಹಾರ ಉಪವಾಸ ಹಿಡಿದಾಗ ಮನೆಯವರು ನೆನಪಿಸಬೇಕಾದುದು ಈ ಗುರುವಿನ ಮಾತನ್ನು. ಶಕ್ತಿಗೆ ಅನುಗುಣವಾದ ತಪಸ್ಸೇ ತಪಸ್ಸು.

ಬಸ್ತಿಹಳ್ಳಿಯ ಶಾಸನಗಳು ನಿಲ್ಲುವುದು ಮದ್ದು ಮುಗಿಯುವ ಎಡೆಯಲ್ಲಿ. 1274ರಲ್ಲಿ ಬಾಲಚಂದ್ರ ಪಂಡಿತದೇವರು ಸಮಾಧಿಮರಣವನ್ನು ಪಡೆದುದನ್ನು ಇಲ್ಲಿಯ ಕಲ್ಲು ದಾಖಲಿಸುತ್ತದೆ. ಅವರಿಗೆ ಶ್ರುತವನ್ನು ಕಲಿಸಿದ ಗುರು ಅಭಯಚಂದ್ರರು ದೇಹವನ್ನು ಬಿಟ್ಟುದು 1279ರಲ್ಲಿ. ಶಿಷ್ಯನು ಗುರುವಿಗಿಂತ ಐದು ವರ್ಷ ಮೊದಲೇ ನಡೆದನು. ದೋರಸಮುದ್ರದ ಶ್ರಾವಕರು ಈ ಅಗಲಿಕೆಗಳನ್ನು ಕಲ್ಲಿನಲ್ಲಿ ಉಳಿಸಿದರು. ಬರಗಾಲ, ಮುಪ್ಪು, ಪ್ರತೀಕಾರವಿಲ್ಲದ ರೋಗ ಮುಂತಾದವು ಒದಗಿದಾಗ ಮಾತ್ರ ಸಲ್ಲೇಖನವನ್ನು ಕೈಗೊಳ್ಳಬೇಕೆಂದು ರತ್ನಕರಂಡಕ ಶ್ರಾವಕಾಚಾರವು ಮಿತಿ ಹಾಕುತ್ತದೆ. ಆ ಮಿತಿಯನ್ನು ಹಾಕಿದವರೂ ಅದೇ ಸಮಂತಭದ್ರರು. ಬದುಕಿರುವಾಗ ವರ್ಷ ವರ್ಷವೂ ಮಳೆಗಾಲದಲ್ಲಿ ಒಂದೊಂದನ್ನೇ ಬಿಡುತ್ತ ಬಂದವರಿಗೆ ಕೊನೆಯ ಬಿಡುವಿಕೆ ಹೊಸ ಪಾಠವಾಗಿರಲಿಲ್ಲ.

ಇಂದು ಋತುಚರ್ಯೆಯು ಮಾರಾಟದ ಸರಕಾಗಿದೆ. ಮಳೆಗಾಲಕ್ಕೊಂದು ಕಷಾಯದ ಪುಡಿ, ಚಳಿಗಾಲಕ್ಕೊಂದು ಲೇಹ್ಯ, ಜೊತೆಗೆ ಚೀನೀ ವೈದ್ಯದ ಹೆಸರಿನಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರಗಳು. ಅವುಗಳಿಂದ ಕೆಲವರಿಗೆ ಉಪಯೋಗವೂ ಆಗಬಹುದು. ಆದರೆ ಅಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಈ ಋತುವಿನಲ್ಲಿ ನನಗೇನು ಒಳ್ಳೆಯದು? ಬಸ್ತಿಹಳ್ಳಿಯ ಪರಂಪರೆಯು ಅದರ ಜೊತೆಗೆ ಇನ್ನೆರಡನ್ನು ಕೇಳಿತು. ನನ್ನ ಆರೋಗ್ಯಕ್ಕೆ ಬೆಲೆ ತೆರುವ ಜೀವ ಯಾವುದು? ಉಳಿಸಿಕೊಂಡ ಈ ದೇಹದಿಂದ ಆಗಬೇಕಾದ ಕೆಲಸ ಯಾವುದು? ಈ ಪ್ರಶ್ನೆಗಳಿಗೆ ಔಷಧಶಾಸ್ತ್ರದಲ್ಲಿ ಮಾತ್ರ ಉತ್ತರವನ್ನು ಹುಡುಕಿದರೆ ಸಾಲದು; ಕನ್ನಡದ ಆಚಾರಗ್ರಂಥ, ವೈದ್ಯಗ್ರಂಥ, ಕಥೆ ಮತ್ತು ಶಾಸನಗಳನ್ನು ಒಟ್ಟಿಗೆ ಓದಬೇಕು.