ಹಿಜಾಝ್ ಕಲಿತ ಮಳೆಗಾಲ

ಕಳೆದ ಮಳೆಗಾಲದಲ್ಲಿ ನಾನು ಗಿಟಾರಿನಲ್ಲಿ ಒಂದೇ ಒಂದು ಸ್ಕೇಲ್ ಕಲಿತೆ. ಪುಸ್ತಕದಲ್ಲಿ ಅದರ ಹೆಸರು ಫ್ರಿಜಿಯನ್ ಡಾಮಿನೆಂಟ್. ಎ ಹಾರ್ಮೋನಿಕ್ ಮೈನರನ್ನು ಅದರ ಐದನೇ ಸ್ವರವಾದ ಇ-ಯಿಂದ ಶುರುಮಾಡಿದರೆ ಅದೇ ಇದು: ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ. ಅತಿ ದಪ್ಪ ತಂತಿಯಲ್ಲಿ ಖಾಲಿ, 1ನೇ ಫ್ರೆಟ್, 4ನೇ ಫ್ರೆಟ್. ಮುಂದಿನ ತಂತಿಯಲ್ಲಿ ಖಾಲಿ, 2, 3. ಅದರಾಚೆಗಿನದರಲ್ಲಿ ಖಾಲಿ, 2. ಅಲ್ಲಿಗೆ ಮೇಲಿನ ಇ ಬಂತು.

1ರಿಂದ 4ಕ್ಕೆ ಹೋಗುವ ಆ ಜಿಗಿತದಲ್ಲಿ ಕಿರುಬೆರಳು ಸೋತುಹೋಗುತ್ತಿತ್ತು. ಆದರೆ ಬೆರಳಿನ ನೋವಿಗಿಂತ ದೊಡ್ಡ ಕಿರಿಕಿರಿ ಬೇರೆ ಇತ್ತು. ಎರಡು ವಾರ ಮೆಟ್ರೋನೋಮ್ 60ಕ್ಕೆ ಇಟ್ಟು ಹತ್ತಿ ಇಳಿದರೂ ಅದರಲ್ಲಿ ಜೀವವೇ ಇರಲಿಲ್ಲ. ಹಳೆಯ ದುಃಖದ ಸಿನಿಮಾ ಹಾಡಿನ ಹಾಗೆ ಕೇಳುತ್ತಿತ್ತು. ಉಪ್ಪಳದ ಒಬ್ಬ ಗೆಳೆಯ ತಪ್ಪು ಹಿಡಿದ. ನಾನು ಹಿಂದೆ ಎ ಮೈನರ್ ಕಾರ್ಡ್ ಹಾಕಿಕೊಂಡು, ಪ್ರತಿ ಸಲವೂ ಎ-ಯಲ್ಲೇ ಬಂದು ನಿಲ್ಲುತ್ತಿದ್ದೆ. ಸ್ವರಗಳು ಅವೇ ಆದರೂ ಕಿವಿ ಎ-ಯನ್ನೇ ಮನೆ ಅಂದುಕೊಂಡಿತ್ತು. "ಕಾರ್ಡ್ ಬಿಡು. ದಪ್ಪ ತಂತಿಯನ್ನು ಖಾಲಿ ಬಾರಿಸ್ತಾ ಇರು, ಬೇರೆ ತಂತಿಯಲ್ಲಿ ನುಡಿಸು, ಇ-ಗೇ ವಾಪಸ್ ಬಾ" ಅಂದ. ತಂಬೂರಿಯ ಕೆಲಸವನ್ನು ದಪ್ಪ ತಂತಿಗೆ ಕೊಟ್ಟ ಹಾಗೆ.

ಅವತ್ತು ಅಸರ್ ಕಳೆದು ಕೋಣೆಯ ಬಾಗಿಲು ಹಾಕಿ ಹಾಗೇ ನುಡಿಸಿದೆ. ಬಾಗಿಲು ಹಾಕುವುದು ಉಪ್ಪನಿಗಾಗಿ. ನಮ್ಮ ಶಾಫಿಈ ಕಿತಾಬುಗಳಲ್ಲಿ ದಫ್‌ಗೆ ಅನುಮತಿ ಇದೆ, ತಂತಿವಾದ್ಯಕ್ಕೆ ಇಲ್ಲ ಎನ್ನುವುದೇ ಬಲವಾದ ಮಾತು. ಗಿಟಾರ್ ಮನೆಗೆ ಬಂದ ದಿನ ಉಪ್ಪ ಅದನ್ನು ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಇ, ಎಫ್, ಜಿ ಶಾರ್ಪ್. ಅಲ್ಲಿ ಸ್ವಲ್ಪ ನಿಂತು, ಎಫ್, ಇ. ಬಾಗಿಲು ತೆರೆಯಿತು.

"ಇದು ಬಾಂಗ್‌ನ ರಾಗ ಅಲ್ವಾ ಮೋನೇ?"

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಹುಟ್ಟಿದಂದಿನಿಂದ ಕೇಳಿದ್ದು! ಉಪ್ಪ ಹರೆಯದಲ್ಲಿ, ಮುಕ್ರಿ ಉಸ್ತಾದ್ ರಜೆಯಲ್ಲಿದ್ದಾಗ ನಮ್ಮ ಮಸೀದಿಯಲ್ಲಿ ಬಾಂಗ್ ಕೊಡುತ್ತಿದ್ದವರು. ಆ ರಾಗದ ಹೆಸರು ಅವರಿಗೂ ಗೊತ್ತಿರಲಿಲ್ಲ. ಅರಬರು ಅದನ್ನು ಹಿಜಾಝ್ ಅನ್ನುತ್ತಾರೆ ಎಂದು ನಾನು ಆಮೇಲೆ ಓದಿ ತಿಳಿದೆ. ಬಾಂಗ್ ಎಲ್ಲ ಕಡೆಯೂ ಹಿಜಾಝ್ ಅಲ್ಲ. ಟರ್ಕಿಯಲ್ಲಿ ಸುಬ್ಹಿಗೆ ಸಬಾ, ಮಗ್ರಿಬಿಗೆ ಸೆಗಾಹ್ ಎಂಬ ರೂಢಿ ಇದೆ. ಕರ್ನಾಟಕ ಸಂಗೀತದಲ್ಲಿ ಇದೇ ಸ್ವರಗಳು 14ನೇ ಮೇಳ ವಕುಳಾಭರಣದವು. ನೆರೆಮನೆಯ ಮಕ್ಕಳು ಬೆಳಿಗ್ಗೆ ಸರಳೆ ಹಾಡುವ ಮಾಯಾಮಾಳವಗೌಳ ಅದರ ಪಕ್ಕದ್ದು, 15ನೆಯದು. ಎರಡಕ್ಕೂ ವ್ಯತ್ಯಾಸ ಒಂದು ನಿಷಾದ ಮಾತ್ರ.

ಉಪ್ಪ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಎರಡನೆಯದು ಅಷ್ಟು ಕೆಳಗಲ್ಲ" ಅಂದರು. ಶಬ್ದಗಳಿಲ್ಲದೆ ಬರೀ ಗುನುಗಿ ತೋರಿಸಿದರು. ಎಪ್ಪತ್ತು ದಾಟಿದ ಗಂಟಲು, ಮೇಲೆ ಹೋಗುವಾಗ ಒಡೆಯಿತು. ಆದರೂ ಕೇಳಿಸಿತು: ಅವರ ಎರಡನೇ ಸ್ವರ ನನ್ನ ಫ್ರೆಟ್‌ಗಿಂತ ಕೂದಲಿನಷ್ಟು ಮೇಲೆ, ಮೂರನೆಯದು ಕೂದಲಿನಷ್ಟು ಕೆಳಗೆ. ಅರಬ್ ಗಾಯಕರೂ ಹಿಜಾಝಿನ ಆ ಅಂತರವನ್ನು ಹೀಗೆಯೇ ಕಿರಿದು ಮಾಡುತ್ತಾರಂತೆ. ಫ್ರೆಟ್ ಹೊಡೆದ ವಾದ್ಯಕ್ಕೆ ಅದು ಬರುವುದಿಲ್ಲ. ಎಫ್ ಅನ್ನಾದರೆ ತಂತಿಯನ್ನು ಪಕ್ಕಕ್ಕೆ ಸ್ವಲ್ಪ ಎಳೆದು ಏರಿಸಬಹುದು. ಜಿ ಶಾರ್ಪನ್ನು ಇಳಿಸುವುದು ಹೇಗೆ? 4ನೇ ಫ್ರೆಟ್ಟನ್ನೇ ಬಿಟ್ಟು, 3ರಿಂದ ಎಳೆದು, ಪೂರ್ತಿ ತಲುಪುವ ಮುಂಚೆ ನಿಲ್ಲಿಸಬೇಕು. ಅದೂ ಸಣ್ಣ ತಂತಿಯಲ್ಲಿ ಮಾತ್ರ; ದಪ್ಪ ತಂತಿ ಅಷ್ಟು ಬಗ್ಗುವುದಿಲ್ಲ.

ಹತ್ತು ಸಲ ಎಳೆದರೆ ಒಮ್ಮೆ ಸರಿಯಾಗುತ್ತಿತ್ತು. ಆ ಒಮ್ಮೆ ಉಪ್ಪ ತಲೆ ಆಡಿಸುತ್ತಿದ್ದರು.

"ಬಾಂಗ್ ಮಾತ್ರ ಇದರಲ್ಲಿ ನುಡಿಸ್ಬೇಡ" ಅಂದರು ಹೋಗುವಾಗ.

ಇಲ್ಲ ಅಂದೆ. ನುಡಿಸಿಲ್ಲ. ಆ ಸಾಲಿನ ಹತ್ತಿರ ಬೆರಳು ಹೋದರೆ ದಾರಿ ಬದಲಿಸುತ್ತೇನೆ. ಗಿಟಾರಿನ ಬಗ್ಗೆ ಅವರ ಅಭಿಪ್ರಾಯ ಬದಲಾಗಿದೆ ಎಂದು ನಾನು ಹೇಳಲಾರೆ, ಕೇಳಿಯೂ ಇಲ್ಲ. ಬಾಗಿಲು ಈಗಲೂ ಹಾಕುತ್ತೇನೆ, ಆದರೆ ಚಿಲಕ ಇಲ್ಲ. ಮೊನ್ನೆ ಮೂರನೇ ಸ್ವರವನ್ನು ಪೂರ್ತಿ ಮೇಲಕ್ಕೆ ಎಳೆದುಬಿಟ್ಟೆ. ಜಗಲಿಯಿಂದ ಕೆಮ್ಮು ಕೇಳಿಸಿತು.